ಹೆಸರಷ್ಟೇ ಹೊಸದು

ತಾರ್ತುವಿನಲ್ಲಿ ರಾತ್ರಿ ಹನ್ನೊಂದು.
ಐವತ್ತು ಸಾವಿರ ಕಡತಗಳನ್ನು
ಈ ಫೋಲ್ಡರಿನಿಂದ ಆ ಫೋಲ್ಡರಿಗೆ ಹೊತ್ತು ಹೊತ್ತು
ಏದುಸಿರು ಬಿಡುತ್ತಿದೆ ಬಿಲ್ಡ್ ಯಂತ್ರ.
ಮೆರಿಕೆಯ ಮೂರನೇ ಕಾಫಿಯೂ ಆರಿತು.

ಅವಳು ಹುಟ್ಟಿದ ಬೀದಿಗೆ
ಅಜ್ಜಿಯ ಕಾಲದಲ್ಲೊಂದು ಹೆಸರು, ಅಮ್ಮನ ಕಾಲದಲ್ಲಿನ್ನೊಂದು,
ಈಗ ಮತ್ತೊಂದು.
ಬಂದವರೆಲ್ಲ ಫಲಕ ಕಿತ್ತು ಫಲಕ ಹೊಡೆದರು;
ಮನೆಯನ್ನು ಯಾರೂ ಹೊತ್ತು ಸಾಗಿಸಲಿಲ್ಲ.

ಒಂದೇ ಪದ ತಿದ್ದಿದಳು:
ನಕಲು ಬೇಡ, ಕೊಂಡಿ ಸಾಕು.
ಹನ್ನೆರಡು ನಿಮಿಷ
ನಲವತ್ತು ಸೆಕೆಂಡಿಗಿಳಿಯಿತು.

ಕುಣಿಯಲಿಲ್ಲ.
ಇನ್ನು ಒಂದು ಹೆಸರಿನಡಿ ಗೀಚಿದರೆ
ಎಲ್ಲ ಹೆಸರಿಗೂ ಗೀರು ಬೀಳುತ್ತದಲ್ಲ,
ಎಲ್ಲಕ್ಕೂ ‘ಓದಲು ಮಾತ್ರ’ ಬೀಗ ಜಡಿದು
ದೀಪ ಆರಿಸಿದಳು.

ಹೊರಗೆ ಹಿಮ. ಫಲಕಗಳೆಲ್ಲ ಮುಚ್ಚಿಹೋಗಿದ್ದವು.
ಅಜ್ಜಿ ಹೇಳುತ್ತಿದ್ದ ಹೆಸರು ಹಿಡಿದೇ
ಮನೆ ಮುಟ್ಟಿದಳು.