ಮೂರು ದಶಾಂಶ ಒಂಬತ್ತು ಎಂಟು

ಯಾದಗಿರಿಯಿಂದ ಗುರುಮಠಕಲ್ಲಿಗೆ ಹೋಗುವ ರಸ್ತೆ ಬದಿಯ ಶಾಲೆ,
ಹತ್ತನೇ ಇಯತ್ತೆ, ಕರೆಂಟಿಲ್ಲದ ಮಧ್ಯಾಹ್ನ.
ಬಿಸಿಯೂಟದ ಸಾರಿನ ವಾಸನೆ ಮಕ್ಕಳ ಅಂಗೈಯಲ್ಲಿನ್ನೂ,
ನನ್ನ ಬೆರಳಲ್ಲಿ ಸೀಮೆಸುಣ್ಣ.
ಹಲಗೆಯ ಮೇಲೆ ಬರೆದೆ: ವಿದ್ಯುದೃಣತೆ.
ಓದಿ ಎಂದೆ. ಎಡವಿದರು.
ಬಿಡಿಸಿ ಬರೆದೆ: ವಿದ್ಯುತ್. ಋಣ. ತೆ.
ನಡುವಿನ ಆ ಒಂದು ಮಾತು ಮಾತ್ರ
ಇಡೀ ಕೋಣೆಗೆ ಮೊದಲೇ ಗೊತ್ತಿತ್ತು.

ನೋಡಿ, ಇದು ಸೋಡಿಯಂ,
ಹೊರ ಪಡಸಾಲೆಯಲ್ಲಿ ಒಂದೇ ಒಂದು ಎಲೆಕ್ಟ್ರಾನು.
ಇದು ಕ್ಲೋರಿನ್, ಏಳು ಕೂತಿವೆ,
ಎಂಟನೆಯದಕ್ಕೆ ಕದ ತೆರೆದೇ ಇದೆ.
ಒಂದು ಕೊಟ್ಟಿತು, ಒಂದು ಇಸಕೊಂಡಿತು.
ಕೊಟ್ಟದ್ದು ಧನ, ಇಸಕೊಂಡದ್ದು ಋಣ.
ಹದಿನೇಳು ವರ್ಷ ಹೀಗೇ ಹೇಳಿದ್ದೇನೆ,
ಒಂದು ಕೈಯೂ ಮೇಲೆದ್ದಿರಲಿಲ್ಲ.

"ಕೊಟ್ಟಾಂವ ಧನ ಹ್ಯಾಂಗ ಆಗ್ತಾನ್ರೀ ಟೀಚರ್?
ಕೊಟ್ಟ ಮ್ಯಾಲ ಕಮ್ಮಿ ಆಗಬೇಕಲ್ಲ?"
ದೇವಿಂದ್ರ. ಬಸ್‌ಸ್ಟ್ಯಾಂಡಿನ ಕಿರಾಣಿ ಅಂಗಡಿಯವನು,
ಉದ್ರಿ ವಹಿಯ ಎಡ ಬಲ ನನಗಿಂತ ಚೆನ್ನಾಗಿ ಬಲ್ಲವನು.
ಎಲೆಕ್ಟ್ರಾನೇ ಋಣ, ಮಗಾ.
ಸೋಡಿಯಂ ದಾಟಿಸಿದ್ದು ಗಂಟನ್ನಲ್ಲ, ಸಾಲವನ್ನ.
"ಹಂಗಾದ್ರ ಭಾಳ ಶಾಣ್ಯಾ ಅದ ಬಿಡ್ರಿ ಅದು!"
ಬೆಂಚುಗಳೆಲ್ಲ ನಕ್ಕವು.

ಶಾಣ್ಯಾ ಅಲ್ಲ, ಅನ್ನಬೇಕಿತ್ತು.
ಯಾವ ಪರಮಾಣುವೂ ತನ್ನದನ್ನು ಬಿಟ್ಟಿ ಬಿಡುವುದಿಲ್ಲ,
ಕೀಳುವುದಕ್ಕೂ ಬೆಲೆ ತೆರಬೇಕು,
ಹರಳು ಕಟ್ಟಿದ ಮೇಲೆಯೇ ಆ ಲೆಕ್ಕ ತಾಳೆಯಾಗುವುದು.
ಪುಸ್ತಕದಲ್ಲಿಲ್ಲ. ಪರೀಕ್ಷೆಗೂ ಬರುವುದಿಲ್ಲ.
ಮುಂದೆ ಹೋದೆ.

ಗೋಡೆಯ ಕೋಷ್ಟಕದ ಮೇಲೆ ಬೆತ್ತ ಇಟ್ಟೆ.
ಯಾರು ಎಷ್ಟು ಜೋರು ಎಳೆಯುತ್ತಾರೆ, ಅದಕ್ಕೂ ಅಂಕ ಉಂಟು:
ಸೋಡಿಯಂ ಒಂದನ್ನೂ ಮುಟ್ಟದೆ ಫೇಲು,
ಕ್ಲೋರಿನ್ ಮೂರು ದಾಟಿ ಪಾಸು,
ಬಲಕ್ಕೆ, ಮೇಲೆ, ಫ್ಲೋರಿನ್,
ಮೂರು ದಶಾಂಶ ಒಂಬತ್ತು ಎಂಟು, ಕ್ಲಾಸಿಗೇ ಫಸ್ಟು.
ಎಳೆಯುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ ಎಂದೆ,
ತವರಿನ ತಮ್ಮನನ್ನು ಹೊಗಳುವ ದನಿಯಲ್ಲಿ.

ಆಗ ಎದ್ದಳು ಸಾಬಮ್ಮ.
ಮಾತಾಡುವಾಗ ದುಪಟ್ಟಾದ ಅಂಚು ಬಾಯಿಗೆ ಅಡ್ಡ ತರುವವಳು,
ಗ್ರೂಪ್ ಫೋಟೋದಲ್ಲಿ ತುಟಿ ಬಿಗಿದು ನಿಂತವಳು.
"ನಮ್ಮ ಓಣಿ ಬೋರಿನ ನೀರಾಗ ಇರೋದು ಇದೇ ಏನ್ರಿ?"

(ಹೋದ ವರ್ಷ ಯಾರೋ ಬಂದು ಆ ಕೈಪಂಪಿಗೆ
ಕೆಂಪು ಬಳಿದು ಹೋದರು. ಬಿಸಿಲಿಗೆ ಕೆಂಪು ಮಾಸಿತು,
ಕೊಡಗಳು ಮತ್ತೆ ಪಾಳಿ ಹಚ್ಚಿದವು.)

ಅದೇ. ಆದರೆ ನೀರಲ್ಲಿರುವುದು ಅಯಾನು, ಫ್ಲೋರೈಡು.
"ಅಂದ್ರ ಅದಕ ಎಂಟನೇದು ಸಿಕ್ಕದ?"
ಸಿಕ್ಕಿದೆ.
"ಹಸಿವಿ ಇಲ್ಲ?"
ಇಲ್ಲ.
"ಮತ್ತ ನಮ್ಮ ಹಲ್ಲಿಗ್ಯಾಕ ಬಂತ್ರಿ?"

ಬೆರಳಿನ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡೆ,
ಅದರಲ್ಲೂ ಅದೇ ಕ್ಯಾಲ್ಸಿಯಂ.
ಇಸಕೊಂಡರೆ ಮುಗಿಯುವುದಿಲ್ಲ ಸಾಬಮ್ಮ,
ಇಸಕೊಂಡಲ್ಲಿಂದಲೇ ಸುರು.
ಹೊಟ್ಟೆ ತುಂಬಿದೆ, ಮೈಮೇಲೆ ಋಣ ಇದೆ,
ಎರಡು ಧನ ಹೊತ್ತ ಕ್ಯಾಲ್ಸಿಯಂ ಎಲ್ಲಿದ್ದರೂ
ಆ ಕಡೆ ವಾಲುತ್ತದೆ.
ನಿನ್ನ ಹಲ್ಲು ಒಸಡಿನೊಳಗಿನ್ನೂ
ಕಟ್ಟಿಕೊಳ್ಳುತ್ತಿದ್ದ ವಯಸ್ಸಲ್ಲಿ
ಕೊಡದಿಂದ ಚೊಂಬಿಗೆ, ಚೊಂಬಿಂದ ನಿನಗೆ...
ಅಷ್ಟರಲ್ಲಿ ಗಂಟೆ ಹೊಡೆಯಿತು.
ಹೊಡೆಯದಿದ್ದರೂ ಅಲ್ಲಿಗೇ ನಿಲ್ಲುತ್ತಿದ್ದೆ ನಾನು.

ಅರ್ಧವಾರ್ಷಿಕ ಪರೀಕ್ಷೆ. ಏಳನೇ ಪ್ರಶ್ನೆ, ಎರಡು ಅಂಕ:
ಅಯಾನಿಕ ಬಂಧಕ್ಕೆ ಒಂದು ಉದಾಹರಣೆ ಕೊಡಿ.
ನಲವತ್ತೊಂದು ಉತ್ತರಪತ್ರಿಕೆಯಲ್ಲಿ ಉಪ್ಪು.
ಒಂದರಲ್ಲಿ, ದುಂಡು ಅಕ್ಷರದಲ್ಲಿ:
"ನನ್ನ ಹಲ್ಲು."
ಕೆಂಪು ಪೆನ್ನು ಎತ್ತಿದೆ. ಕೈಪಂಪು ಕಂಡಿತು.
ಮುಚ್ಚಿಟ್ಟು, ಚೀಲವೆಲ್ಲ ತಡಕಿ
ನೀಲಿಯದು ಹುಡುಕಿದೆ.