ಹನ್ನೊಂದನೇ ಗೂಟ

ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು,
ಇನ್ನೊಂದು ಸರ್ವೆಯವನ ಕೈಯಲ್ಲಿ.
ನಡುವೆ ಅದು ಜೋತುಬಿದ್ದು
ಅಮ್ಮನ ಮುಡಿಗೆಣಸಿನ ಬಳ್ಳಿಗೆ ತಾಗಿತು.
'ಎಳೆದು ಹಿಡಿ, ಲೇಮೌರಿ' ಎಂದ.
ಹಿಡಿದೆ. ದಿನಕ್ಕೆ ಎರಡು ಸಾವಿರ ವಾಟು,
ಮಧ್ಯಾಹ್ನ ಡಬ್ಬಿಮೀನು, ಬಿಸ್ಕತ್ತು.

ಗೇಣು ಗೇಣು ಅಳೆದು ಗೇಣಿಗೆ ಕೊಟ್ಟೆವು.
ಎಷ್ಟು ವರ್ಷಕ್ಕೆ ಎಂದು ನಕಮಾಲಿನ ಕತ್ತಲಲ್ಲಿ
ಕಾವಾ ಕುಡಿದು, ಉಗಿದು, ಕೇಳಿದರು ಹಿರಿಯರು.
ಎಪ್ಪತ್ತೈದು, ಎಂದಿತು ಕಾಗದ.
ಎಪ್ಪತ್ತೈದು ಅಂದರೆ?
ಕಲ್ತಾಂಗ್ ಮಾವ ಬೆರಳು ಮಡಿಚಲಿಲ್ಲ:
'ಅಂದರೆ ಒಂದು ತೆಂಗಿನ ಆಯುಷ್ಯ.
ನೆಟ್ಟವನು ಅದು ಬೀಳುವುದನ್ನು ನೋಡುವುದಿಲ್ಲ.'

ಸಹಿಯ ದಿನ ಮೊಳಕೆ ಬಂದ ಕಾಯಿ ತಂದು
ಹನ್ನೊಂದನೇ ಗೂಟದ ಬುಡದಲ್ಲಿ ಹುಗಿದ.
'ಇದು ನಮ್ಮ ಪ್ರತಿ' ಎಂದ.
ಕಂಪನಿಯ ಹೆಂಗಸು ಫೋಟೋ ತೆಗೆದಳು;
ಕಚೇರಿಯ ಗೋಡೆಯ ಮೇಲೆ ಇಂದೂ ಇದೆ,
ಮಾವನ ಬೆನ್ನು, ಕಾಯಿ, ಕೆಂಪು ರಿಬ್ಬನ್ನು.

ಕೆಟ್ಟವರಲ್ಲ. ಹಾಗಂದರೆ ನಾಲಗೆ ಬಿದ್ದುಹೋದೀತು.
ಆಲದ ಬೇರಿಗೆ ನೋವಾಗದಂತೆ
ದಾರಿಯನ್ನೇ ಸೊಂಟ ತಿರುಗಿಸಿ ನಡೆಸಿದರು.
ಬಿದಿರ ಗೋಡೆ, ನತಂಗೂರ ಗರಿಯ ಮಾಡು,
ಹೆಣೆದವರು ನಮ್ಮ ಚಿಕ್ಕಮ್ಮಂದಿರೇ.
ನೀರು ಮಳೆಯದು, ದೀಪ ಬಿಸಿಲಿನದು.
ಕಸ ಕೂಡ ಇಲ್ಲಿ ಏಳು ಬುಟ್ಟಿಗಳಲ್ಲಿ
ಏಳು ಕುಲಗಳಂತೆ ಬೇರೆ ಬೇರೆ ಕೂರುತ್ತದೆ.

ಆಮೆಗಳು ಬರುವ ತಿಂಗಳು
ದಂಡೆಯ ದೀಪ ಆರಿಸುತ್ತಾರೆ.
ಸರಿಯೇ. ಇಲ್ಲವಾದರೆ ಮರಿಗಳು ಬೆಳಕನ್ನು ಕಡಲೆಂದು ಬಗೆದು
ಅಡುಗೆಮನೆಗೆ ಬಂದಾವು.
ಆದರೆ ಏಡಿ ನಡೆಯುವ ರಾತ್ರಿ
ನಾವು ಸೂಡಿ ಹಚ್ಚಿಕೊಂಡು ಇಳಿದರೆ
ಕಾವಲಿಗಿದ್ದ ಚಿಕ್ಕಪ್ಪನ ಮಗ
ಮುಖ ನೋಡದೆ ಹೇಳಿದ: 'ಬೆಳಕು ಬೇಡ ಅಕ್ಕಾ.
ಪರಿಸರ.'

ಆ ಮಾತು ನಮ್ಮ ಭಾಷೆಯಲ್ಲಿ ಇರಲಿಲ್ಲ.
ಬೇಕಾಗಿರಲಿಲ್ಲವೋ,
ಅದರೊಳಗೇ ಇದ್ದುದರಿಂದ ಕಾಣಲಿಲ್ಲವೋ.
ಇಂಥ ವಾಕ್ಯ ಅತಿಥಿಗಳಿಗೆ ತುಂಬ ಇಷ್ಟ.
ನಾನೇ ಬರೆದುಕೊಟ್ಟೆ; ಈಗ ಕೋಣೆ ಕೋಣೆಯಲ್ಲೂ
ಮರುಬಳಕೆಯ ಕಾಗದದ ಮೇಲೆ,
ಸೋಪಿನ ಪಕ್ಕ.

ತೆಂಗಿಗೀಗ ಹದಿನಾಲ್ಕು.
ಮೂರು ತಿಂಗಳಿಗೊಮ್ಮೆ ಏಣಿ ಇಟ್ಟು
ಕಾಯಿ ಬಲಿಯುವ ಮೊದಲೇ ಇಳಿಸುತ್ತಾರೆ.
ಅತಿಥಿಗಳ ತಲೆ ಕೆಳಗಿರುತ್ತದಲ್ಲ.
ಈ ಮರದಿಂದ ಒಂದೂ ಕಾಯಿ ತಾನಾಗಿ ಬಿದ್ದಿಲ್ಲ,
ಬುಡದಲ್ಲಿ ಒಂದೂ ಮೊಳೆತಿಲ್ಲ.

ಗೂಟವೋ, ನೆಟ್ಟಗೆ ನಿಲ್ಲುವುದೇ ಇಲ್ಲ.
ಏಡಿ ಬುಡ ಕೊರೆಯುತ್ತದೆ, ವಾರಕ್ಕೊಮ್ಮೆ ವಾಲುತ್ತದೆ.
ನಾನೇ ಹೋಗಿ ಕಲ್ಲಿನಿಂದ ಜಡಿಯುತ್ತೇನೆ,
ಸ್ವಾಗತದ ಮೇಜಿನ ಸಂಬಳದಲ್ಲಿ ಅದೂ ಸೇರಿದೆ.

ಹೋದ ಚಂಡಮಾರುತದ ಬಳಿಕ ಮತ್ತೆ ಅಳೆದರು.
ಕಡಲು ಒಂಬತ್ತು ಹೆಜ್ಜೆ ಒಳಗೆ ಬಂದಿದೆ.
ತಿಂದದ್ದು ಯಾರ ಲೆಕ್ಕಕ್ಕೆ, ಕಂಪನಿಯದೋ ನಿಮ್ಮದೋ
ಎಂದು ಹೊಸ ಸರ್ವೆಯವನು ಕೇಳಿದ.
ಯಾರೂ ಮಾತಾಡಲಿಲ್ಲ. ಅಲೆ ಬಂತು,
ಅವನ ಬೂಟು ಒದ್ದೆಯಾಯಿತು.

ಮಾವ ಉಬ್ಬರದ ಹೊತ್ತಿಗೆ ಕೋಲೂರಿ ಬರುತ್ತಾನೆ,
ಮರದ ಬುಡದ ಮಣ್ಣು ಮುಟ್ಟಿ ಬೆರಳು ನೆಕ್ಕುತ್ತಾನೆ.
'ಉಪ್ಪು.'
'ತೆಂಗಿಗೆ ಉಪ್ಪು ಆಗುತ್ತದೆ, ಮಾವ.'
'ತೆಂಗಿಗೆ ಆಗುತ್ತದೆ.'

ದೋಣಿ ಬಂತು. ಆರು ಮಂದಿ, ಹನ್ನೆರಡು ಪೆಟ್ಟಿಗೆ.
ಕಿವಿಗೆ ದಾಸವಾಳ ಸಿಕ್ಕಿಸಿಕೊಂಡು
ಎಳನೀರಿಗೆ ಪಪ್ಪಾಯಿ ದಂಟಿನ ಕೊಳವೆ ಇಟ್ಟು ನಿಂತೆ.
ಒಬ್ಬಳು ಕೇಳಿದಳು, ಎಲ್ಲರೂ ಕೇಳುತ್ತಾರೆ,
ನೀವು ಇಲ್ಲಿಯವರೇ?
ಹೌದು, ಎಂದೆ. ಅಲ್ಲಿಂದ ಅಲ್ಲಿಯವರೆಗೆ,
ಎಂದು ಕೈ ನೀಡಿ ತೋರಿಸಿದೆ.
ಗೂಟ ಮತ್ತೆ ವಾಲಿತ್ತು.