ಒಂದು ಅಂದರೆ ರಸ್ತೆ

ಒಂದು ಅಂದರೆ ರಸ್ತೆ.
ಎರಡು, ಕನ್ನಡಿ. ಮೂರು, ಮಡಿಲಲ್ಲಿ ಬೆಳಗುವ ಫೋನು.
ನಾಲ್ಕು, ಪಕ್ಕದ ಸೀಟು. ಐದು, ಮುಚ್ಚಿದ ರೆಪ್ಪೆ.
ಆರು, ಇವು ಯಾವುದೂ ಅಲ್ಲದ ಬೇರೆಲ್ಲ.

ಔಲು ನಗರದ ಮೂರನೆಯ ಮಹಡಿ,
ಮಧ್ಯಾಹ್ನ ಎರಡಕ್ಕೇ ಕತ್ತಲಿಳಿವ ಡಿಸೆಂಬರು.
ರೌನಿ ಕೂತಿದ್ದಾಳೆ, ಕಂಡವರ ಕಣ್ಣು ಕಾಯುತ್ತ.
ಸೆಕೆಂಡಿಗೆ ಇಪ್ಪತ್ತೈದು ಚಿತ್ರ,
ಚಿತ್ರಕ್ಕೊಂದು ಅಂಕಿ. ಗಂಟೆಗೆ ಹದಿನಾಲ್ಕು ಯೂರೊ,
ಕಾಫಿ ಪುಕ್ಕಟೆ.

ಎಂತೆಂಥವರನ್ನು ನೋಡಿದ್ದಾಳೆ!
ಸ್ಟಿಯರಿಂಗಿನ ಸಂದಿಗೆ ಕಿತ್ತಳೆ ಹಣ್ಣು ಸಿಕ್ಕಿಸಿ
ಅದೇ ತನ್ನ ಕೈಯೆಂದು ಕಾರನ್ನು ನಂಬಿಸಿ
ಸ್ವೆಟರಿನ ತೋಳು ಹೆಣೆದ ಹೆಂಗಸು
(ಹೆಣಿಗೆ ಚೆನ್ನಾಗಿತ್ತು, ಒಂದು ಕುಣಿಕೆಯೂ ತಪ್ಪಿರಲಿಲ್ಲ).
ಚಾಕಲೇಟಿನ ಕಾಗದ ಬಿಡಿಸುತ್ತ ಬಿಡಿಸುತ್ತ
ಎರಡು ಕಿಲೋಮೀಟರು ದಾಟಿದ ಪಾದ್ರಿ.
ಅತ್ತವನೊಬ್ಬ. ಅಳುವಿಗೆ ಯಾವ ಅಂಕಿ ಎಂದು
ಮೇಲಿನವನು ಎಸ್ಕೊ, ಅವನನ್ನು ಕೇಳಿದ್ದಳು.
ಕಣ್ಣು ಎತ್ತ ಇತ್ತು?
ರಸ್ತೆಯತ್ತ.
ಹಾಗಾದರೆ ಒಂದು.

ಪೂರ್ತಿ ಓಡಿಸುವಾಗ ಮನುಷ್ಯ ಓಡಿಸುತ್ತಾನೆ,
ಪೂರ್ತಿ ಬಿಟ್ಟುಕೊಟ್ಟರೆ ಹಿಂದಿನ ಸೀಟಲ್ಲಿ ಮಲಗುತ್ತಾನೆ.
ಇದು ಅರೆ.
ಅರೆಗಣ್ಣಿನ, ಅರೆನಿದ್ದೆಯ, ಅರೆಮನಸ್ಸಿನ ಅರೆ.
ನೂಲು ಹಿಡಿದಂತೆ ನೇರ ಹೋಗುವ ಕಾರು
ಅರ್ಧ ಗಂಟೆ ಏನೂ ಕೇಳುವುದಿಲ್ಲ, ಆಮೇಲೊಮ್ಮೆ
ಬೀಪ್ ಎಂದು ಎಲ್ಲವನ್ನೂ ಕೇಳುತ್ತದೆ.
ಏನೂ ಆಗದಿರುವುದನ್ನು ಎವೆಯಿಕ್ಕದೆ ನೋಡು
ಎಂಬುದೊಂದು ಕೆಲಸ ಮಾಡಿ ಕೊಟ್ಟಿದ್ದಾರೆ ಅವನಿಗೆ.
ಬೇಲಿಗೆ ಕಟ್ಟಿದ ಕುದುರೆಯೂ ನಿಂತಲ್ಲೇ ತೂಕಡಿಸುತ್ತದೆ.

ನಲವತ್ತೊಂದನೆಯ ಚಾಲಕ.
ಐವತ್ತರ ಆಸುಪಾಸು, ಒಪ್ಪವಾಗಿ ಕತ್ತರಿಸಿದ ಮೀಸೆ,
ಕೆಮಿಯ ಕಡೆ ಹೊರಟವನು.
ಎರಡೂ ಕೈ ಚಕ್ರದ ಮೇಲೆ, ಫೋನು ಜೇಬಿನಲ್ಲಿ.
ರೌನಿ ಒತ್ತುತ್ತಾಳೆ: ಒಂದು ಒಂದು ಒಂದು
ಒಂದು ಎರಡು ಒಂದು ಒಂದು
ಹಿಮ ಗುಡಿಸುವ ಲಾರಿಯ ಹಳದಿ ದೀಪ
ಅವನ ಕನ್ನಡಕದ ಗಾಜುಗಳಲ್ಲಿ
ಸಾಸಿವೆ ಕಾಳಾಗಿ ಹುಟ್ಟಿ
ಒಂದು ಒಂದು ಒಂದು
ನಿಂಬೆಯ ಗಾತ್ರಕ್ಕೆ ಬೆಳೆಯುತ್ತದೆ.
ಆ ಕಣ್ಣುಗಳು ಅದನ್ನೇ ನೋಡುತ್ತಿವೆ.
ಹನ್ನೊಂದು ಸೆಕೆಂಡು ನೋಡುತ್ತವೆ.
ಕಾರಿಗೂ ಸಮಾಧಾನ: ಚಾಲಕ ಎಚ್ಚರ.
ಕೊನೆಯ ಐದು ಚಿತ್ರಗಳಲ್ಲಿ ಮಾತ್ರ
ಖಾಲಿ ಮನೆಯೊಳಕ್ಕೆ ಯಾರೋ ಓಡಿ ಬಂದ ಹಾಗೆ
ಕಣ್ಣು ತುಂಬುತ್ತದೆ,
ಅರೆ! ಅನ್ನುವಷ್ಟೇ ತೆರೆಯುತ್ತವೆ ತುಟಿ.

ಕಡತದಲ್ಲಿದೆ: ಎರಡು ಪಕ್ಕೆಲುಬು, ಒಂದು ಮಣಿಕಟ್ಟು.
ಲಾರಿಯಿಂದಿಳಿದು ದೀಪದ ಮೇಲಿನ ಹಿಮ
ಒರೆಸುತ್ತಿದ್ದವನದು ಬೇರೆ ಕಡತ.
ಅದು ರೌನಿಯ ಮೇಜಿಗೆ ಬರುವುದಿಲ್ಲ.

ಕೀಲಿಮಣೆಯ ಮೇಲೆ ಅವಳ ಬೆರಳು ಅಲೆಯುತ್ತದೆ.
ಕಣ್ಣು ಇತ್ತು, ಅವನಿರಲಿಲ್ಲ
ಎಂಬುದಕ್ಕೆ ಯಾವುದು?
ಎಸ್ಕೊ ಹೊರಟುಹೋಗಿದ್ದಾನೆ, ಮಗಳಿಗೆ ಹಾಕಿ ಅಭ್ಯಾಸ.
ಮತ್ತೆ ಮೊದಲಿಂದ ತಿರುಗಿಸುತ್ತಾಳೆ.
ಇಪ್ಪತ್ತೊಂಬತ್ತನೆಯ ನಿಮಿಷ. ರೆಪ್ಪೆ ಪೂರ್ತಿ ಮುಚ್ಚಿದೆ,
ಹದಿಮೂರು ಚಿತ್ರಗಳುದ್ದಕ್ಕೂ.
ಅಲ್ಲೂ ಒಂದು, ಒಂದು, ಒಂದು.
ಒತ್ತಿದ್ದು ಅವಳ ಬೆರಳೇ.
ಆಗ ತಾನೆಲ್ಲಿದ್ದೆ? ಅಕ್ಕನ ಸೋಫಾವನ್ನು
ನಾಲ್ಕನೆಯ ಮಹಡಿಗೆ ಹೇಗೆ ಏರಿಸುವುದೆಂದು
ಮೆಟ್ಟಿಲು ತಿರುವಿನಲ್ಲಿ ಸಿಕ್ಕಿಕೊಂಡಿದ್ದಳೇನೋ.

ಅಳಿಸಿ, ಐದು ಒತ್ತುತ್ತಾಳೆ. ಹದಿಮೂರು ಸಲ.
ಕಪ್ಪಿನಲ್ಲಿ ಕಾಫಿ ಕೆನೆಗಟ್ಟಿದೆ.

ತಾರಸಿಯ ಮೇಲೆ ಹಳದಿ ಬೆಳಕೊಂದು ಸುತ್ತಿ ಹೋಗುತ್ತದೆ,
ಮತ್ತೆ ಸುತ್ತುತ್ತದೆ. ಎದ್ದು ಕಿಟಕಿಗೆ ಬರುತ್ತಾಳೆ.
ಕೆಳಗೆ ಹಿಮದ ಲಾರಿ, ಆಮೆಗತಿ, ಹಿಂದೆ ನಾಲ್ಕೈದು ಕಾರು.
ಅದು ತಿರುವು ತಲುಪುವ ತನಕ ನೋಡುತ್ತ ನಿಲ್ಲುತ್ತಾಳೆ.
ಒಳಗೆ ಕೂತವನು ಟೋಪಿ ಕಿವಿಗೆಳೆದುಕೊಳ್ಳುವುದು ಕಾಣಿಸುತ್ತದೆ.